ಇಳಕಲ್ಲಿನ ನೇಕಾರರೊಬ್ಬರ ಗುಂಡಿಗೆ ಮತ್ತು ಮರೆವು: ಒಂದು ಪ್ರಕರಣ

ಮೇ ತಿಂಗಳು. ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿ ದಾಟಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಳಕಲ್ಲಿನಿಂದ ಒಂದು ಕುಟುಂಬ ಬಂತು. 67 ವರ್ಷದ ಯಜಮಾನರು, ಅವರ ಹೆಂಡತಿ, ಮಗ, ಸೊಸೆ. ಯಜಮಾನರು ನನಗೆ ಗೊತ್ತಿದ್ದವರೇ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಎದೆ ಹಿಡಿದುಕೊಂಡಿದ್ದನ್ನು ಮನೆಯಲ್ಲಿ ಗ್ಯಾಸ್ ಅಂದುಕೊಂಡು ಒಂದು ದಿನ ಕಾದಿದ್ದರು. ಅಷ್ಟರಲ್ಲಿ ಹೃದಯದ ಮುಂಭಾಗದ ಸ್ನಾಯು ಸತ್ತಿತ್ತು. ಜನವರಿಯಲ್ಲಿ ಉಸಿರುಕಟ್ಟಿ ನಮ್ಮ ವಾರ್ಡಿನಲ್ಲಿ ಮಲಗಿ, ಸುಧಾರಿಸಿಕೊಂಡು ಹೋಗಿದ್ದರು. (ಗುರುತು ಸಿಗಬಾರದು ಅಂತ ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ.)

ಕೂರುವ ಮೊದಲೇ ಮಗ ಹೇಳಿದ. "ಸಾಹೇಬ್ರ, ಅಪ್ಪಗ ಅರಳು ಮರಳು ಸುರು ಆಗೈತ್ರಿ. ಗುಂಡಿಗಿ ಕಡೆ ಏನ್ ತ್ರಾಸ ಇಲ್ರಿ. ತೆಲಿದು ಡಾಕ್ಟರ್ ಯಾರ ಅದಾರ ಹೇಳ್ರಿ, ಅಲ್ಲೇ ತೋರಿಸ್ತೀವಿ."

ಎರಡು ತಿಂಗಳಿಂದ ಮರೆವು. ಒಂದು ವಾರದಿಂದ ಬೇರೆಯದೇ ಕಾಟ. ಹೆಂಡತಿ ಸೆರಗಿನಿಂದ ಬಾಯಿ ಒರೆಸಿಕೊಂಡು ನಿಧಾನಕ್ಕೆ ಹೇಳಿದರು. "ಹಗಲಿ ಬರೋಬ್ಬರಿ ಇರ್ತಾರ್ರಿ. ಹೊತ್ತು ಮುಣುಗಿತಂದ್ರ ಬ್ಯಾರೆ ಮನಿಷ್ಯಾ ಆಕ್ಕಾರ. ಮಗ್ಗದ ಕುಣಿಯಾಗ ಯಾರೋ ಕುಂತಾರ, ಎಬ್ಬಸ್ರಿ ಅಂತಾರ. ಮೊನ್ನಿ ರಾತ್ರಿ ನನ್ನ ನೋಡಿ, ನೀ ಯಾರವ್ವಾ ಅಂದ್ರು."

ಯಜಮಾನರು ಪಕ್ಕದಲ್ಲೇ ಸುಮ್ನೆ ಕೂತಿದ್ದರು. ನನ್ನನ್ನು ನೋಡಿ ನಕ್ಕರು, ಕೈ ಮುಗಿದರು. ಆರಾಮ ಅದೀರೇನ್ರಿ ಅಂದೆ. "ಆರಾಮ್ರಿ ಸಾಹೇಬ್ರ" ಅಂದರು. ಅಷ್ಟೇ ನೋಡಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಇವತ್ತು ಯಾವ ವಾರ ಅಂದೆ. ಹೆಂಡತಿಯ ಮುಖ ನೋಡಿದರು. ಶನಿವಾರದಿಂದ ಹಿಂದಕ್ಕೆ ವಾರಗಳನ್ನು ಹೇಳಿ ಅಂದೆ. ಶನಿವಾರ, ಶುಕ್ರವಾರ ಅಂದರು. ಆಮೇಲೆ ಮತ್ತೆ ಶನಿವಾರ ಅಂದರು.

ಮೊದಲು ಪಾರ್ಶ್ವವಾಯು ಇದೆಯಾ ನೋಡಿದೆ. ಮುಖ ಸೊಟ್ಟಗಾಗಿರಲಿಲ್ಲ, ಎರಡೂ ಕೈ ಸಮನಾಗಿ ಎತ್ತಿದರು, ಮಾತು ತೊದಲುತ್ತಿರಲಿಲ್ಲ. ಇದನ್ನು ಮೊದಲೇ ನೋಡಲೇಬೇಕು. ಬಲ ಕಳೆದುಕೊಂಡ ಹೃದಯದೊಳಗೆ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೆ ಹಾರಬಹುದು. ಆಮೇಲೆ ಪಂಚೆ ಸರಿಸಿ ಕಾಲು ಒತ್ತಿದೆ. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ಕುತ್ತಿಗೆಯ ರಕ್ತನಾಳ ಕಿವಿಯ ತನಕ ಉಬ್ಬಿತ್ತು. ಅಷ್ಟು ಸೆಕೆಯಲ್ಲೂ ಅಂಗೈ ತಣ್ಣಗಿತ್ತು. ನಾಡಿ 50, ಬಿಪಿ 92/60. ಜನವರಿಯಲ್ಲಿ ಮನೆಗೆ ಕಳಿಸುವಾಗ 58 ಕೆಜಿ ಇದ್ದವರು ಈಗ 63 ಕೆಜಿ.

ಗುಂಡಿಗೆಯದು ಏನೂ ತ್ರಾಸ ಇಲ್ಲ ಅಂತ ಮಗ ಹೇಳಿದ್ದು ಸುಳ್ಳಲ್ಲ. ಅಪ್ಪ ಎದೆನೋವು ಅಂದಿರಲಿಲ್ಲ, ದಮ್ಮು ಅಂತಲೂ ಅಂದಿರಲಿಲ್ಲ. ಮಗ್ಗಕ್ಕೆ ಇಳಿಯೋದು ಬಿಟ್ಟು ಕಟ್ಟೆಯ ಮೇಲೆ ಕೂತೇ ದಿನ ಕಳೆಯುತ್ತಿದ್ದರು. ಓಡಾಡದವರಿಗೆ ದಮ್ಮು ಎಲ್ಲಿಂದ ಗೊತ್ತಾಗಬೇಕು?

ಚೀಲದಲ್ಲಿದ್ದ ಗುಳಿಗೆಗಳು

ಸೊಸೆ ಜಾಣೆ. ಮನೆಯಲ್ಲಿದ್ದ ಔಷಧಿಯನ್ನೆಲ್ಲ ಒಂದು ಬಟ್ಟೆಯ ಚೀಲಕ್ಕೆ ಸುರಿದುಕೊಂಡು ಬಂದಿದ್ದಳು. ಟೇಬಲ್ ಮೇಲೆ ಹರಡಿ ಒಂದೊಂದೇ ಪಟ್ಟಿ ಎಣಿಸಿದೆವು. ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಹೇಳಿದ್ದು ಆ ಚೀಲ. ಎಕೋ (ಹೃದಯದ ಸ್ಕ್ಯಾನ್), ತಲೆಯ ಸ್ಕ್ಯಾನ್ ಎಲ್ಲ ಆಮೇಲೆ.

ನೀರಿನ ಗುಳಿಗೆ, ಅಂದರೆ ಫ್ಯೂರೋಸಮೈಡ್: 15ರ ಪಟ್ಟಿಯಲ್ಲಿ 13 ಹಾಗೇ ಇದ್ದವು. ತಂದು 25 ದಿನ ಆಗಿತ್ತು. ಮೆಟೊಪ್ರೊಲಾಲ್, ಅಂದರೆ ಹೃದಯದ ಬಡಿತ ನಿಧಾನ ಮಾಡುವ ಗುಳಿಗೆ, ಎರಡು ಬೇರೆ ಬೇರೆ ಹೆಸರಿನ ಪಟ್ಟಿಗಳಲ್ಲಿತ್ತು. ಒಂದು ಸಲ ಒಂದು ಅಂಗಡಿಯಲ್ಲಿ, ಇನ್ನೊಂದು ಸಲ ಮತ್ತೊಂದು ಅಂಗಡಿಯಲ್ಲಿ ಕೊಂಡಿದ್ದು. ಎರಡೂ ಒಂದೇ ಔಷಧಿ ಅಂತ ಗೊತ್ತಾಗದೆ ದಿನಾ ಎರಡನ್ನೂ ನುಂಗುತ್ತಿದ್ದರು. ನಾಡಿ 50ಕ್ಕೆ ಇಳಿದದ್ದು ಯಾಕೆ ಅಂತ ಅಲ್ಲೇ ತಿಳಿಯಿತು. ಕೆಳಗೆ ನಾನು ಬರೆಯದ ಎರಡು ಪಟ್ಟಿಗಳಿದ್ದವು. ಒಂದು ಡೈಕ್ಲೊಫೆನಾಕ್, ಸೊಂಟ ನೋವಿಗೆ. ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಕೂತ ಸೊಂಟ ಅದು, ನೋವು ಇದ್ದೇ ಇರುತ್ತದೆ. ಆದರೆ ಈ ನೋವಿನ ಗುಳಿಗೆ ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತದೆ, ಕಿಡ್ನಿಗೂ ಪೆಟ್ಟು ಕೊಡುತ್ತದೆ. ಹೃದಯ ಸೋತವರು ಅದನ್ನು ಮುಟ್ಟಲೇಬಾರದು. ಇನ್ನೊಂದು ನಿದ್ದೆ ಗುಳಿಗೆ, ಆಲ್ಪ್ರಜೋಲಾಮ್. ರಾತ್ರಿ ಮಲಗುತ್ತಿಲ್ಲ ಅಂತ ಯಾರೋ ಹೇಳಿದ್ದನ್ನು ಕೇಳಿ ಹತ್ತು ದಿನದಿಂದ ಕೊಡುತ್ತಿದ್ದರು. ಮೊದಲೇ ಮಂಕಾದ ಮಿದುಳಿಗೆ ಅದು ಇನ್ನಷ್ಟು ಮಂಕು ಬಡಿಸಿತ್ತು.

ಚೀಲದಲ್ಲಿ ಇಲ್ಲದ್ದು ನೀರು. "ನೀರಿನ ಗುಳಿಗಿ ಮೈ ಒಣಗಸ್ತೈತಿ, ಬ್ಯಾಸಿಗಿ ಬ್ಯಾರೆ, ನೀರು ಜಾಸ್ತಿ ಕುಡೀಬೇಕು" ಅಂತ ಓಣಿಯಲ್ಲಿ ಹೇಳಿದ್ದರಂತೆ. ದಿನಕ್ಕೆ ನಾಲ್ಕು ತಂಬಿಗೆ ಕುಡಿಯುತ್ತಿದ್ದರು.

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ಜನವರಿಯಲ್ಲಿ ಮನೆಗೆ ಕಳಿಸುವಾಗ ಏಳು ಗುಳಿಗೆಗಳ ವಿಷಯ ನಾನೇ ವಿವರಿಸಿದ್ದೆ. ಮಂಚದ ಪಕ್ಕ ನಿಂತು, ಅವರೊಬ್ಬರಿಗೇ. ಯಾವುದು ಬೆಳಿಗ್ಗೆ, ಯಾವುದು ರಾತ್ರಿ, ಯಾವುದು ಊಟದ ಮುಂಚೆ ಅಂತ ಎಲ್ಲ ಹೇಳಿದೆ. ಪ್ರತಿ ಮಾತಿಗೂ "ಆತ್ರಿ ಸಾಹೇಬ್ರ" ಅಂದರು. ನಾನು ಕೇಸ್ ಶೀಟಿನಲ್ಲಿ "ರೋಗಿಗೆ ವಿವರಿಸಲಾಗಿದೆ" ಅಂತ ಬರೆದು ಸಹಿ ಹಾಕಿದೆ. ಅವರ ತಲೆ ಅದನ್ನು ಹಿಡಿದಿಟ್ಟುಕೊಳ್ಳುವ ಸ್ಥಿತಿಯಲ್ಲಿದೆಯಾ ಅಂತ ಒಂದು ನಿಮಿಷ ನೋಡಲಿಲ್ಲ. "ಹೇಳಿದ್ದನ್ನ ನನಗೊಮ್ಮೆ ತಿರುಗಿ ಹೇಳ್ರಿ" ಅಂದಿದ್ದರೆ ಸಾಕಿತ್ತು, ಆವತ್ತೇ ಗೊತ್ತಾಗುತ್ತಿತ್ತು. ನಗು, ನಮಸ್ಕಾರ, ಹೂಂಗುಟ್ಟುವುದು ಇವೆಲ್ಲ ಕೊನೆಯ ತನಕ ಉಳಿಯುತ್ತವೆ. ಮೊದಲು ಹೋಗುವುದು ಗಮನ, ಕೆಲಸಗಳನ್ನು ಒಂದರ ಹಿಂದೆ ಒಂದು ಜೋಡಿಸಿಕೊಳ್ಳುವ ಶಕ್ತಿ, ಹೊಸದನ್ನು ನೆನಪಿಡುವ ಶಕ್ತಿ.

ಕಾಲುವೆಯ ಕಡೇ ಹೊಲ

ಮಗನಿಗೆ ನಂಬಿಕೆ ಬರಲಿಲ್ಲ. ಗುಂಡಿಗೆ ಎದೆಯಲ್ಲಿದೆ, ಮರೆವು ತಲೆಯಲ್ಲಿದೆ, ಎರಡಕ್ಕೂ ಏನು ಸಂಬಂಧ? ನಮ್ಮ ಕಡೆಯವರಿಗೆ ಕಾಲುವೆ ಗೊತ್ತು, ಹಾಗಾಗಿ ಕಾಲುವೆಯ ಲೆಕ್ಕದಲ್ಲೇ ಹೇಳಿದೆ. ಡ್ಯಾಮಿನಿಂದ ನೀರು ಜೋರಾಗಿ ಬಂದರೆ ಕಡೇ ಹೊಲಕ್ಕೂ ಮುಟ್ಟುತ್ತದೆ. ಬಿಡುವ ನೀರು ಕಡಿಮೆಯಾದರೆ ಮೊದಲು ಒಣಗುವುದು ಯಾರ ಹೊಲ? ಕಾಲುವೆಯ ಕಡೆಯವನದು. ಮಿದುಳಿನಲ್ಲೂ ಅಂಥ ಕಡೇ ಹೊಲಗಳಿವೆ. ಎರಡು ದೊಡ್ಡ ರಕ್ತನಾಳಗಳ ತುದಿಗಳು ಸೇರುವ ಗಡಿಯ ಜಾಗ, ಆಳದಲ್ಲಿರುವ ಬಿಳಿ ಭಾಗ. ರಕ್ತದ ಒತ್ತಡ ಕಡಿಮೆಯಾದಾಗ ಮೊದಲು ನರಳುವುದು ಅವೇ. ನೆನಪಿನ ಕೆಲಸ ಮಾಡುವ ಹಿಪ್ಪೊಕ್ಯಾಂಪಸ್ ಕೂಡ ಆಕ್ಸಿಜನ್ ಕೊರತೆಯನ್ನು ತಾಳುವುದಿಲ್ಲ.

ಮಿದುಳಿನ ತೂಕ ನಮ್ಮ ಮೈತೂಕದಲ್ಲಿ ಬರೀ 2%. ಆದರೆ ವಿಶ್ರಾಂತಿಯಲ್ಲಿದ್ದಾಗಲೂ ಹೃದಯ ತಳ್ಳುವ ರಕ್ತದಲ್ಲಿ ಸುಮಾರು 15%, ಮೈ ಬಳಸುವ ಆಕ್ಸಿಜನ್ನಿನಲ್ಲಿ ಸುಮಾರು 20% ಅದಕ್ಕೇ ಬೇಕು. ಕೂಡಿಡಲು ಅದಕ್ಕೆ ಕಣಜವೂ ಇಲ್ಲ, ಹೊತ್ತುಹೊತ್ತಿಗೆ ಬರಲೇಬೇಕು. ಅದಕ್ಕೇ ದೇಹ ಮಿದುಳಿಗೆ ಮೊದಲ ಪಾಲು ಕೊಡುತ್ತದೆ. ಹೃದಯ ಸೋತಾಗ ಚರ್ಮ, ಕಿಡ್ನಿ, ಸ್ನಾಯುಗಳ ಪಾಲು ಕಿತ್ತು ತಲೆಗೆ ಕಳಿಸುತ್ತದೆ. ಅಂಗೈ ತಣ್ಣಗಿದ್ದದ್ದು ಅದಕ್ಕೇ. ಆದರೆ ಈ ಹೊಂದಾಣಿಕೆಗೂ ಒಂದು ಮಿತಿ ಇದೆ. ತೀವ್ರ ಹೃದಯ ವೈಫಲ್ಯ ಇರುವವರಲ್ಲಿ ಮಿದುಳಿನ ರಕ್ತದ ಹರಿವು ಸುಮಾರು 30% ಕಡಿಮೆ ಇದ್ದದ್ದನ್ನು ಅಳೆದು ನೋಡಿದ್ದಾರೆ. ಹೃದಯ ಕಸಿ ಆದವರಲ್ಲಿ ಅದೇ ಹರಿವು ಮತ್ತೆ ಸರಿಯಾದದ್ದೂ ದಾಖಲಾಗಿದೆ. ನನಗೆ ಇದು ದೊಡ್ಡ ಭರವಸೆಯ ಮಾತು. ಹೋದದ್ದೆಲ್ಲ ಹೋದಂತೆಯೇ ಅಲ್ಲ.

ವಿಷಯ ಹೊಸದೂ ಅಲ್ಲ. 1977ರಲ್ಲೇ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಇದಕ್ಕೆ 'ಕಾರ್ಡಿಯೊಜೆನಿಕ್ ಡಿಮೆನ್ಷಿಯಾ' ಅನ್ನುವ ಹೆಸರು ಬಳಸಿತ್ತು, ಅಂದರೆ ಹೃದಯದಿಂದ ಹುಟ್ಟಿದ ಮರೆವು. ಆದರೂ ನಾವು ಹೃದಯದ ರೋಗಿಯ ಕಾಲು ಒತ್ತಿ ನೋಡುತ್ತೇವೆ, ತಲೆಯ ವಿಷಯ ಕೇಳುವುದಿಲ್ಲ.

ಹೆಂಡತಿ ಮಧ್ಯದಲ್ಲಿ ಒಂದು ಮಾತು ಹೇಳಿದರು. "ರಾತ್ರಿ ಉಸಿರು ನಿಲ್ಲಸಿಬಿಡ್ತಾರ್ರಿ. ನಾ ಎಣಸ್ಕೋತ ಮಕ್ಕೊಂಡಿರ್ತೀನಿ. ಇಪ್ಪತ್ತಕ್ಕ ಬಂದಾಗ ಒಮ್ಮೆ ದೊಡ್ಡದಾಗಿ ಎಳಕೊಂತಾರ." ನಾನು ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಕೇಳಿಸಿಕೊಂಡೆ. ಉಸಿರು ಮೆಲ್ಲಗೆ ಏರುವುದು, ಇಳಿಯುವುದು, ನಿಲ್ಲುವುದು, ಮತ್ತೆ ಏರುವುದು. 1818ರಲ್ಲಿ ಡಬ್ಲಿನ್ನಿನಲ್ಲಿ ಜಾನ್ ಚೇನ್, 1854ರಲ್ಲಿ ವಿಲಿಯಂ ಸ್ಟೋಕ್ಸ್ ಬರೆದಿಟ್ಟ ಉಸಿರಾಟ ಇದೇ. ಚೇನ್-ಸ್ಟೋಕ್ಸ್ ಅಂತಲೇ ಕರೆಯುತ್ತೇವೆ. ರಕ್ತ ನಿಧಾನಕ್ಕೆ ಹರಿಯುವುದರಿಂದ ಶ್ವಾಸಕೋಶದ ಸುದ್ದಿ ಮಿದುಳಿಗೆ ತಡವಾಗಿ ಮುಟ್ಟುತ್ತದೆ, ಮಿದುಳು ಒಮ್ಮೆ ಜಾಸ್ತಿ ಉಸಿರಾಡಿಸಿ ಒಮ್ಮೆ ನಿಲ್ಲಿಸುತ್ತದೆ. ಪ್ರತಿ ಸಲ ನಿಂತಾಗ ಆಕ್ಸಿಜನ್ ಇಳಿಯುತ್ತದೆ, ನಿದ್ದೆ ಒಡೆಯುತ್ತದೆ. ಹಾಗೆ ರಾತ್ರಿಯಿಡೀ ಒಡೆದ ನಿದ್ದೆಗೆ ನಿದ್ದೆ ಗುಳಿಗೆ ಮದ್ದಲ್ಲ.

ಸೋಡಿಯಂ 123

ರಕ್ತದ ವರದಿ ಮಧ್ಯಾಹ್ನ ಬಂತು. ಸೋಡಿಯಂ 123. ಇರಬೇಕಾದ್ದು 135ರಿಂದ 145. ಕ್ರಿಯಾಟಿನಿನ್ 1.7, ಅಂದರೆ ಕಿಡ್ನಿಯೂ ಬಳಲಿತ್ತು. ಸಕ್ಕರೆ, ಥೈರಾಯ್ಡ್, ಬಿ12 ಸರಿ ಇದ್ದವು. ಸೋಂಕಿನ ಗುರುತು ಇರಲಿಲ್ಲ. ಇಸಿಜಿಯಲ್ಲಿ ಲಯ ತಪ್ಪಿರಲಿಲ್ಲ. ತಲೆಯ ಸಿಟಿಯಲ್ಲಿ ರಕ್ತಸ್ರಾವ ಇರಲಿಲ್ಲ. ಆಳದಲ್ಲಿ ಒಂದು ಹಳೆಯ ಸಣ್ಣ ಗಾಯ ಮಾತ್ರ ಇತ್ತು, ಯಾವಾಗಲೋ ಸದ್ದಿಲ್ಲದೆ ಆಗಿಹೋದದ್ದು. ಎಕೋದಲ್ಲಿ ಹೆಪ್ಪು ಕಾಣಲಿಲ್ಲ. ಪಂಪಿಂಗ್ 25%.

ಪಂಪಿಂಗ್ 25 ಅಂದರೆ ಮನೆಯವರು ನೂರಕ್ಕೆ 25 ಮಾರ್ಕ್ಸ್ ಅಂದುಕೊಂಡು ಎದೆಯೊಡೆದುಕೊಳ್ಳುತ್ತಾರೆ. ಗಟ್ಟಿ ಹೃದಯವೂ ತನ್ನೊಳಗಿನ ರಕ್ತವನ್ನು ಪೂರ್ತಿ ಹೊರಗೆ ತಳ್ಳುವುದಿಲ್ಲ, 55ರಿಂದ 70% ತಳ್ಳುತ್ತದೆ ಅಷ್ಟೇ. ಇವರದು ಅರ್ಧಕ್ಕಿಂತ ಕಡಿಮೆಗೆ ಇಳಿದಿದೆ ಅಂತ ಹೇಳಿದೆ.

ಸೋಡಿಯಂ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಈ ವರದಿ ಕೈಗೆ ಬಂದ ಕೂಡಲೇ ಮನೆಗಳಲ್ಲಿ ಆಗುವ ತಪ್ಪು ಒಂದೇ. "ಉಪ್ಪು ಕಡಿಮೆ ಆಗೈತಿ" ಅಂತ ಉಪ್ಪು ತಿನ್ನಿಸಲು ಶುರು ಮಾಡುತ್ತಾರೆ. ಸಾರಿಗೆ ಎರಡು ಚೊಂಬು ನೀರು ಸುರಿದರೆ ಸಪ್ಪೆಯಾಗುತ್ತದೆ, ಅಲ್ವಾ? ಉಪ್ಪು ಎಲ್ಲೂ ಹೋಗಿರುವುದಿಲ್ಲ, ನೀರು ಹೆಚ್ಚಾಗಿರುತ್ತದೆ. ಇವರಿಗೆ ಆದದ್ದೂ ಅದೇ. ಹೃದಯದಿಂದ ಹರಿವು ಕಡಿಮೆಯಾದಾಗ ಮೈ "ನೀರು ಕಡಿಮೆಯಾಗಿದೆ" ಅಂತ ತಪ್ಪು ತಿಳಿದುಕೊಂಡು, ಕುಡಿದ ನೀರನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ರಕ್ತ ಸಪ್ಪೆಯಾಗುತ್ತದೆ. ಆ ನೀರು ಮಿದುಳಿನ ಜೀವಕೋಶಗಳ ಒಳಗೂ ಸೇರುತ್ತದೆ. ಆಗ ಬರುವುದೇ ಗೊಂದಲ, ತೂಕಡಿಕೆ, ಇಲ್ಲದವರನ್ನು ಕಾಣುವುದು. ಇನ್ನೂ ಇಳಿದರೆ ಫಿಟ್ಸ್ ಬರಬಹುದು.

ಹಾಗಾಗಿ ಇವರದು ಎರಡು ಬೇರೆ ಬೇರೆ ತೊಂದರೆ ಅಂತ ನಾನು ತೀರ್ಮಾನಿಸಿದೆ. ಒಂದು ವಾರದಿಂದ ಸಂಜೆ ಏರುತ್ತಿದ್ದ ಗೊಂದಲ ಡೆಲಿರಿಯಂ, ನಮ್ಮ ಹಿರಿಯರು ಸನ್ನಿ ಅನ್ನುತ್ತಿದ್ದದ್ದು. ಸೋಡಿಯಂ, ನಿದ್ದೆ ಗುಳಿಗೆ, ಕಡಿಮೆ ಬಿಪಿ ಮೂರೂ ಸೇರಿ ತಂದದ್ದು. ಇದು ಇಳಿಯುತ್ತದೆ. ಅದರ ಕೆಳಗೆ ತಿಂಗಳುಗಳಿಂದ ನಿಧಾನಕ್ಕೆ ಬೆಳೆದ ಮರೆವು ಇನ್ನೊಂದು. ಅದು ಎಷ್ಟಿದೆ ಅಂತ ಸನ್ನಿ ಇಳಿಯುವ ತನಕ ಗೊತ್ತಾಗುವುದಿಲ್ಲ. ಮೇಲಿನದನ್ನು ನೋಡಿ ಡಿಮೆನ್ಷಿಯಾ ಅಂತ ಹಣೆಪಟ್ಟಿ ಹಚ್ಚುವುದು ದೊಡ್ಡ ಅನ್ಯಾಯ.

ನಿದ್ದೆ ಗುಳಿಗೆ, ನೋವಿನ ಗುಳಿಗೆ ಅವತ್ತೇ ನಿಲ್ಲಿಸಿದೆವು. ಒಂದು ಮೆಟೊಪ್ರೊಲಾಲ್ ತೆಗೆದೆವು. ಫ್ಯೂರೋಸಮೈಡ್ ಇಂಜೆಕ್ಷನ್ ಕೊಟ್ಟೆವು. ನೀರು, ಚಹಾ, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದೂಕಾಲು ಲೀಟರ್ ಅಷ್ಟೇ. ಸೋಡಿಯಂ ನಿಧಾನಕ್ಕೆ ಏರಬೇಕು, 24 ಗಂಟೆಗೆ 8ಕ್ಕಿಂತ ಜಾಸ್ತಿ ಏರದಂತೆ ನೋಡಿಕೊಂಡೆವು. ಒಮ್ಮೆಲೇ ಏರಿದರೆ ಮಿದುಳಿನ ನರಗಳ ಹೊದಿಕೆಯೇ ಹಾಳಾಗುತ್ತದೆ. 123, 127, 130. ಐದನೇ ದಿನ 134.

ವಾರ್ಡಿನಲ್ಲಿ ಗುಳಿಗೆಯಷ್ಟೇ ಕೆಲಸ ಮಾಡಿದ್ದು ಸಣ್ಣ ವಿಷಯಗಳು. ಕಿಟಕಿ ಪಕ್ಕದ ಮಂಚ ಕೊಟ್ಟೆವು, ಹಗಲು ಯಾವುದು ರಾತ್ರಿ ಯಾವುದು ಅಂತ ಕಾಣಲಿ ಅಂತ. ಊರಲ್ಲಿ ಬಿಟ್ಟು ಬಂದಿದ್ದ ಕನ್ನಡಕ ತರಿಸಿದೆವು. ಕಟ್ಟಿಹಾಕುವ ಮಾತು ಬೇಡ ಅಂದೆ. ರಾತ್ರಿ ಹೆಂಡತಿ ಪಕ್ಕದಲ್ಲೇ ಕೂತು "ನಾವು ದವಾಖಾನ್ಯಾಗ ಅದೀವಿ, ನಾಳೆ ಮಂಗಳವಾರ" ಅಂತ ಹೇಳುತ್ತಿದ್ದರು. ಎಷ್ಟು ಸಲ ಕೇಳಿದರೂ ಬೇಸರ ಮಾಡಿಕೊಳ್ಳದೆ ಅಷ್ಟೂ ಸಲ ಹೇಳಿದರು. ಮೂರನೇ ರಾತ್ರಿ ಮಗ್ಗದ ಕುಣಿಯಲ್ಲಿದ್ದವರು ಕಾಣಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹೆಂಡತಿಯನ್ನು ನೋಡಿ "ನೀ ಉಂಡ್ಯೇನ" ಅಂದರಂತೆ. ಅದನ್ನು ನನಗೆ ಹೇಳುವಾಗ ಆ ತಾಯಿ ಅತ್ತರು.

ಎಳೆ ಮತ್ತು ಗಡಿಯಾರ

ಆರನೇ ದಿನ ತೂಕ 58.5. ಮನೆಯವರು ಹೊರಡಲು ಗಂಟು ಕಟ್ಟಿದ್ದರು. ಮೊದಲಿನಂತಾದರು ಅಂತ ಅವರಿಗೆ ಖುಷಿ. ನಾನು ಹಾಳೆ, ಪೆನ್ನು ಕೊಟ್ಟು ಗಡಿಯಾರ ಬಿಡಿಸಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದೆ. ವೃತ್ತ ಚೆನ್ನಾಗಿ ಬಂತು. 1ರಿಂದ 12ರ ತನಕ ಎಲ್ಲ ಅಂಕಿ ಬಲಗಡೆಯ ಅರ್ಧದಲ್ಲೇ ತುರುಕಿದರು. ಎಡಗಡೆ ಖಾಲಿ. ಮುಳ್ಳು ಒಂದನ್ನು ಹತ್ತಕ್ಕೆ, ಒಂದನ್ನು ಹನ್ನೊಂದಕ್ಕೆ ಎಳೆದರು. ನಾಲ್ಕನೇ ಇಯತ್ತೆ ಓದಿದವರಿಗೆ ಈ ಪರೀಕ್ಷೆಯನ್ನು ಪೂರ್ತಿ ನಂಬಬಾರದು, ನಿಜ. ಆದರೆ ಗೋಡೆ ಗಡಿಯಾರ ನೋಡಿ ಮಗ್ಗ ಹೂಡಿ ಬದುಕಿದವರು ಇವರು. ಎತ್ತು, ಕೀಲಿ, ಬಾಳೆಹಣ್ಣು ಅಂತ ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದೆ. ಎತ್ತು ಮಾತ್ರ ಉಳಿದಿತ್ತು.

ಮಗನ ಮುಖ ಸಪ್ಪಗಾಯಿತು. ಅವನ ಜೇಬಿನಲ್ಲಿ ಕೆಂಪು ಎಳೆಯ ಒಂದು ಸಣ್ಣ ಉಂಡೆ ಇತ್ತು, ಅಂಗಡಿಯಲ್ಲಿ ಬಣ್ಣ ಹೊಂದಿಸಲು ತಂದದ್ದು. ಅದರಿಂದ ಎರಡು ಎಳೆ ಕಿತ್ತು ಅಪ್ಪನ ಕೈಗೆ ಕೊಟ್ಟ. ಯಾಕೆ ಕೊಟ್ಟ ಅಂತ ಅವನಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ಯಜಮಾನರು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ ಹೊಸೆದು, ಕುಣಿಕೆ ಹಾಕಿ, ಜಗ್ಗಿ, ಗಂಟು ಬಿಗಿದರು. ಕಣ್ಣು ಕಿಟಕಿಯ ಕಡೆ ಇತ್ತು. ಕೈ ಒಮ್ಮೆಯೂ ತಡವರಿಸಲಿಲ್ಲ. ಇಳಕಲ್ ಸೀರೆಯಲ್ಲಿ ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದೇ ಕುಣಿಕೆ ಹಾಕಿ ಜೋಡಿಸುವ ತೋಪ ತೆನಿಯ ಕೆಲಸದಲ್ಲಿ ಪಳಗಿದ ಬೆರಳುಗಳು ಅವು. ಕೈ ಕಲಿತದ್ದು ಮಿದುಳಿನ ಬೇರೆ ಜಾಗದಲ್ಲಿ ಉಳಿದಿರುತ್ತದೆ. ಅದು ಇನ್ನೂ ಗಟ್ಟಿ ಇತ್ತು. ಹೋಗಿದ್ದು ಲೆಕ್ಕ, ಕ್ರಮ, ಹೊಸ ನೆನಪು. ಅಂದರೆ ಏಳು ಗುಳಿಗೆ ನುಂಗಲು ಬೇಕಾದದ್ದೇ ಹೋಗಿತ್ತು.

ಇದೊಂದು ಸುಳಿ. ಹೃದಯ ಸೋತರೆ ಮರೆವು, ಮರೆತರೆ ಗುಳಿಗೆ ತಪ್ಪುತ್ತದೆ, ಗುಳಿಗೆ ತಪ್ಪಿದರೆ ಹೃದಯ ಇನ್ನೂ ಸೋಲುತ್ತದೆ. ಇದನ್ನು ರೋಗಿಯೇ ಮುರಿಯಬೇಕು ಅಂದರೆ ಆಗದ ಮಾತು. ಹಾಗಾಗಿ ಈ ಸಲ ನಾನು ಮಾತಾಡಿದ್ದು ಸೊಸೆಯ ಹತ್ತಿರ. ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ. ಅವರ ಕಣ್ಣೆದುರಿಗೇ ಅವರನ್ನು ಬಿಟ್ಟು ಮಾತಾಡಿದರೆ ಮನಸ್ಸಿಗೆ ಪೆಟ್ಟು ಬೀಳುತ್ತದೆ. ಹೃದಯ ವೈಫಲ್ಯದಲ್ಲಿ ಖಿನ್ನತೆ ಕೂಡ ಸಾಮಾನ್ಯ, ಅದೂ ಮರೆವಿನ ಹಾಗೇ ಕಾಣಿಸುತ್ತದೆ.

ಗುಳಿಗೆಗಳನ್ನು ಬೆಳಿಗ್ಗೆ ಮತ್ತು ರಾತ್ರಿ ಎರಡೇ ಹೊತ್ತಿಗೆ ಇಳಿಸಿದೆ. ಬಿಪಿ ಸ್ವಲ್ಪ ಏರಿದ್ದರಿಂದ, ಕಿಡ್ನಿಯೂ ಚೇತರಿಸಿದ್ದರಿಂದ, ವಾರ್ಡಿಗೆ ಬಂದಾಗ ನಿಲ್ಲಿಸಿದ್ದ ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್ ಅನ್ನುವ ಹೃದಯದ ಗುಳಿಗೆಯನ್ನು ಸಣ್ಣ ಡೋಸಿನಲ್ಲಿ ಮತ್ತೆ ಶುರು ಮಾಡಿದೆ. ವಾರದ ಏಳು ಖಾನೆಯ ಗುಳಿಗೆ ಡಬ್ಬಿ ತರಿಸಿದೆ. ಅಂಗಡಿಯವರು ಬೇರೆ ಹೆಸರಿನ ಪಟ್ಟಿ ಕೊಟ್ಟರೆ ಹಳೆಯದರ ಪಕ್ಕ ಇಟ್ಟು ಫೋಟೋ ತೆಗೆದು ಕಳಿಸು ಅಂದೆ. ದಿನಾ ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ಚಹಾದ ಮುಂಚೆ ತೂಕ. ಮೂರು ದಿನದಲ್ಲಿ 2 ಕೆಜಿ ಏರಿದರೆ ಫೋನ್ ಮಾಡಬೇಕು, ಅಪಾಯಿಂಟ್‌ಮೆಂಟಿಗೆ ಕಾಯಬಾರದು. ಒಮ್ಮೆಲೇ ಗೊಂದಲ ಹೆಚ್ಚಾದರೂ ಅಷ್ಟೇ, ಅದು ದಮ್ಮಿನಷ್ಟೇ ದೊಡ್ಡ ಸೂಚನೆ. ಹೇಳಿದ್ದನ್ನೆಲ್ಲ ತಿರುಗಿ ಹೇಳು ಅಂದೆ. ಒಂದೂ ಬಿಡದೆ ಹೇಳಿದಳು.

ಊಟದ ವಿಷಯಕ್ಕೆ ಹೆಂಡತಿ ಹಟ ಹಿಡಿದರು. "ಉಪ್ಪಿಲ್ದ ಹೆಂಗ್ ಉಣ್ಣೋದ್ರಿ?" ಜೋಳದ ರೊಟ್ಟಿಯಲ್ಲಿ ಉಪ್ಪು ಎಷ್ಟಿರುತ್ತದೆ, ಇದ್ದರೆ ಒಂದು ಚಿಟಿಕೆ. ತೊಂದರೆ ಇರುವುದು ಪಕ್ಕದಲ್ಲಿ: ಉಪ್ಪಿನಕಾಯಿ, ಹಪ್ಪಳ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಕೆಂಪು ಖಾರ. ಚಟ್ನಿಪುಡಿಯನ್ನು ಇವರಿಗಾಗಿ ಉಪ್ಪಿಲ್ಲದೆ ಬೇರೆ ಕುಟ್ಟಿಕೊಳ್ಳಿ, ಬೆಳ್ಳುಳ್ಳಿ, ಹುಣಸೆ ಮುಂದಾಗಲಿ ಅಂದೆ. ಇಡೀ ದಿನಕ್ಕೆ ಒಂದು ಟೀ ಚಮಚದೊಳಗೆ, ಅಂದರೆ 5 ಗ್ರಾಂ ಒಳಗೆ ಉಪ್ಪು ಇರಲಿ. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು ಮಾತ್ರ ಬೇಡವೇ ಬೇಡ ಅಂತ ಒತ್ತಿ ಹೇಳಿದೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಇವರು ತಿನ್ನುವ, ಮೈಯಲ್ಲಿ ಪೊಟ್ಯಾಸಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಗುಳಿಗೆಯ ಜೊತೆ ಅದು ಸೇರಿದರೆ ಹೃದಯದ ಬಡಿತವೇ ತಪ್ಪಬಹುದು.

ಆಗಸ್ಟಿನಲ್ಲಿ ಮತ್ತೆ ಬಂದರು. ತೂಕ 57.5. ಸೋಡಿಯಂ 137, ಪಂಪಿಂಗ್ 33%. ಕಾಲಿನಲ್ಲಿ ಕುಳಿ ಬೀಳಲಿಲ್ಲ. ದಿನಾ ಬೆಳಿಗ್ಗೆ ಮೊಮ್ಮಗನ ಜೊತೆ ಅರ್ಧ ಗಂಟೆ ನಡೆಯುತ್ತಿದ್ದಾರೆ. ವಾರಗಳನ್ನು ಹಿಂದಕ್ಕೆ ಬುಧವಾರದ ತನಕ ಹೇಳಿ ನಿಂತರು, ಸ್ವಲ್ಪ ಯೋಚಿಸಿ ಮಂಗಳವಾರ ಅಂದರು, ಭಾನುವಾರದ ತನಕ ಮುಟ್ಟಿದರು. ಮೂರು ಪದಗಳಲ್ಲಿ ಎರಡು ನೆನಪಿದ್ದವು. ಗಡಿಯಾರದಲ್ಲಿ ಈ ಸಲ ಅಂಕಿಗಳು ಸುತ್ತಲೂ ಕೂತಿದ್ದವು, ಮುಳ್ಳು ಮತ್ತೆ ಹತ್ತಕ್ಕೂ ಹನ್ನೊಂದಕ್ಕೂ ಹೋದವು. ಪೂರ್ತಿ ಮೊದಲಿನಂತಾಗುತ್ತಾರೆ ಅಂತ ನಾನು ಮಾತು ಕೊಟ್ಟಿಲ್ಲ.

ಮತ್ತೆ ಮಗ್ಗಕ್ಕೆ ಕೂರಲೇ ಅಂತ ಅವರೇ ಕೇಳಿದರು. ಕುಣಿಗೆ ಇಳಿದು ಹತ್ತುವುದು ಈಗಲೇ ಬೇಡ, ಮೇಲೆ ಕೂತು ಎಳೆ ಜೋಡಿಸಿ, ಲೆಕ್ಕ ಮಗ ನೋಡಿಕೊಳ್ಳಲಿ ಅಂದೆ. ಮಗ ತಲೆಯಾಡಿಸಿದ. ಸೊಸೆ ತೂಕ ಬರೆದ ನೋಟ್‌ಬುಕ್ ತೆರೆದು ತೋರಿಸಿದಳು. ಒಂದು ಪುಟದಲ್ಲಿ ಮೂರು ದಿನ ಖಾಲಿ ಇದ್ದವು, ತವರಿಗೆ ಹೋಗಿದ್ದಳಂತೆ. ಆ ಮೂರು ದಿನ ಡಬ್ಬಿಯನ್ನು ಯಾರು ನೋಡಿಕೊಂಡರು ಅಂತ ಕೇಳಿದೆ. ಮೊಮ್ಮಗನಂತೆ, ಏಳನೇ ಕ್ಲಾಸಿನವನು.

ರಾತ್ರಿ ಉಸಿರು ಹೇಗಿದೆ ಅಂತ ಹೆಂಡತಿಯನ್ನು ಕೇಳಿದೆ. "ನಿಲ್ತೈತ್ರಿ ಇನ್ನೂ. ಆದ್ರ ಹತ್ತಕ್ಕ ಮುಟ್ಟೂದ್ರೊಳಗ ಬರ್ತೈತಿ" ಅಂದರು.